ನರೆತ ಹಲಗೆಗಳೂ ಮಾವನ ಹತ್ತರಿಯೂ

ಸೋಮವಾರ ಬೆಳಿಗ್ಗೆ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿದ ತೇವಮ್ಮನಿಗೆ, ತಾನು ಅಪ್ಪಿತಪ್ಪಿ ಬೇರೆ ಯಾರದೋ ಕಾರ್ಖಾನೆಯ ತಾರಸಿಗೆ ಹತ್ತಿಬಿಟ್ಟೆನೇನೋ ಅನ್ನಿಸಿತು.

ಅವಳ ಹಲಗೆಗಳು ಹೊಳೆಯುತ್ತಿದ್ದವು.

ಎರಡು ವರ್ಷದ ಬಿಸಿಲು, ಮಳೆ, ಮಂಜು, ಹಕ್ಕಿಗಳ ಹಿಕ್ಕೆ ಎಲ್ಲವನ್ನೂ ಉಂಡು ಬೂದುಬಣ್ಣಕ್ಕೆ ತಿರುಗಿದ್ದ ಇಪ್ಪತ್ತನಾಲ್ಕು ಹಲಗೆಗಳು ಮದುವೆಗೆ ಹೊರಟವರ ಹಾಗೆ ನುಣ್ಣಗೆ, ಸಾಲಾಗಿ ಕೂತಿದ್ದವು. ಎಡಗಡೆಯ ಹನ್ನೆರಡು ತೆಳು ಹಳದಿ, ಬಲಗಡೆಯ ಹನ್ನೆರಡು ಜೇನಿನಂಥ ಕಂದು. ಬೂದಿಯ ಸುಳಿವಿಲ್ಲ, ಬಿರುಕಿನ ಗುರುತಿಲ್ಲ. ಪ್ರತಿ ಹಲಗೆಯ ತುದಿಗೆ ಅವಳು ಗುರುತಿಗೆಂದು ಕಟ್ಟಿದ್ದ ತಗಡಿನ ಪಟ್ಟಿಯನ್ನೂ ಯಾರೋ ಬಿಚ್ಚಿ, ತಿಕ್ಕಿ, ಫಳಫಳ ಮಾಡಿ, ಮತ್ತೆ ನಾಜೂಕಾಗಿ ಕಟ್ಟಿಟ್ಟಿದ್ದರು. ತೇವಮ್ಮ ಒಂದು ಹಲಗೆಯ ಮೇಲೆ ಬೆರಳಾಡಿಸಿದಳು. ಬೆರಳು ಎಲ್ಲೂ ತಡೆಯದೆ ಜಾರಿತು.

ಈ ಊರಿನಲ್ಲಿ ಮರವನ್ನು ಹೀಗೆ ಬೆಣ್ಣೆ ಮಾಡುವ ಕೈ ಒಂದೇ ಒಂದು. ಅದು ಕಾರ್ಖಾನೆಯ ಬಡಗಿಯಾದ ಅವಳ ಸೋದರಮಾವನದು.

ತೇವಮ್ಮ ಎಂಬುದು ಅವಳ ಹೆಸರಲ್ಲ. ಕೈಯಲ್ಲಿ ಸದಾ ಎರಡು ಮುಳ್ಳಿನ ತೇವಮಾಪಕ ಹಿಡಿದು ಕಂಡಕಂಡ ಮರಕ್ಕೆಲ್ಲ ಚುಚ್ಚುತ್ತಿದ್ದುದರಿಂದ ಕಾರ್ಖಾನೆಯವರು ಇಟ್ಟ ಹೆಸರು. ಒಮ್ಮೆ ಯಜಮಾನರ ಹೊಸ ಮೇಜಿಗೂ ಚುಚ್ಚಿ, "ಇದು ಇನ್ನೂ ಹಸಿ ಇದೆ, ಬೇಸಿಗೇಲಿ ಸೀಳುತ್ತೆ" ಅಂದಿದ್ದಳು. ಬೇಸಿಗೆಯಲ್ಲಿ ಅದು ಸೀಳಿತು. ಅಂದಿನಿಂದ ಯಜಮಾನರು ಅವಳ ಮಾತಿಗೆ ಗೌರವ ಕೊಡುತ್ತಾರೆ, ಆದರೆ ಅವಳನ್ನು ತಮ್ಮ ಕೋಣೆಯೊಳಗೆ ಬಿಟ್ಟುಕೊಳ್ಳುವಾಗ ಮೊದಲು ಕೈ ನೋಡುತ್ತಾರೆ.

ಕಾರ್ಖಾನೆ ಮಾಡುತ್ತಿದ್ದುದು ಮರವನ್ನು ಕಾಯಿಸುವ ಕೆಲಸ. ಎರಡಾಳೆತ್ತರದ ಕಬ್ಬಿಣದ ಒಲೆ. ಅದರೊಳಗೆ ಪೈನ್ ಹಲಗೆಗಳನ್ನು ಒಟ್ಟಿ, ಹಬೆ ತುಂಬಿ ಗಾಳಿಯನ್ನು ಹೊರಗಟ್ಟಿ, ಇನ್ನೂರ ಹತ್ತು ಡಿಗ್ರಿಯವರೆಗೆ ಶಾಖ ಏರಿಸುತ್ತಾರೆ. ಗಾಳಿಯಿಲ್ಲದ ಕಡೆ ಬೆಂಕಿ ಹತ್ತುವುದಿಲ್ಲ. ಆದರೆ ಮರದೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಸಕ್ಕರೆಯಂಥ ಅಂಶಗಳು ಆ ಶಾಖಕ್ಕೆ ಒಡೆದುಹೋಗುತ್ತವೆ. ಮೂರನೆಯ ದಿನ ಹೊರಬರುವ ಹಲಗೆಗೆ ಬಾಯಾರಿಕೆಯೇ ಇರುವುದಿಲ್ಲ. ಮಳೆಗೆ ಉಬ್ಬುವುದು ಕಡಿಮೆ, ಬಿಸಿಲಿಗೆ ಕುಗ್ಗುವುದು ಕಡಿಮೆ, ಕೊಳೆಯುವುದೂ ಕಡಿಮೆ. ಕೊಂಚ ಹಗುರಾಗಿ, ಕೊಂಚ ಪೆಡಸಾಗಿ, ಸೀದ ಸಕ್ಕರೆಯ ವಾಸನೆ ಬೀರುತ್ತಾ ಬರುತ್ತದೆ. ಜೊತೆಗೆ ಆ ಕಂದುಬಣ್ಣ. ನೋಡಿದವರು ಮನಸೋಲುವುದು ಅದಕ್ಕೇ.

ತಕರಾರು ಹುಟ್ಟಿದ್ದೂ ಅದರಿಂದಲೇ. ಮರ ನೀರು ಕುಡಿಯುತ್ತದೋ ಇಲ್ಲವೋ ಎಂಬುದು ಬಿಸಿಲಿಗೆ ಬೇಕಿಲ್ಲ. ನಾರುಗಳನ್ನು ಬೆಸೆದಿರುವ ಅಂಟನ್ನು ಅದು ಮೇಲ್ಮೈಯಲ್ಲಿ ಮುರಿಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಉಳಿಯುವುದು ಬೂದು ನಾರು. ಕಾಯಿಸಿದ ಹಲಗೆ ಕೆಲವು ತಿಂಗಳು ತಡವಾಗಿ ನರೆಯುತ್ತದೆ ಅಷ್ಟೇ. ಇದನ್ನು ತೇವಮ್ಮ ಮೊದಲು ಓದಿ ತಿಳಿದಿದ್ದಳು. ಆಮೇಲೆ ಹನ್ನೆರಡು ಕಾಯಿಸಿದ ಹಲಗೆ, ಹನ್ನೆರಡು ಕಾಯಿಸದ ಹಲಗೆ ತಾರಸಿಯ ಮೇಲೆ ಓರೆಯಾಗಿ ಕೂರಿಸಿ ಕಣ್ಣಾರೆ ಕಂಡಿದ್ದಳು. ಪ್ರತಿ ತಿಂಗಳ ಬಣ್ಣದ ಅಳತೆ ಅವಳ ಪುಸ್ತಕದಲ್ಲಿತ್ತು.

ಯಜಮಾನರು ಪುಸ್ತಕ ನೋಡಲಿಲ್ಲ. "ಅಂಕಿಗೆ ಬಣ್ಣ ಇದೆಯೇನಮ್ಮಾ?" ಅಂದರು. ಫೋಟೊ ತೋರಿಸಿದಳು. "ನಿನ್ನ ಮೊಬೈಲಲ್ಲಿ ನಾನೂ ಬೂದಿ ಬಳ್ಕೊಂಡ ಹಾಗೇ ಕಾಣ್ತೀನಿ" ಅಂದರು. ತಾವೇ ಹತ್ತಿ ನೋಡೋಣವೆಂದರೆ ಮಂಡಿನೋವು. ಇತ್ತ ಗಿರಾಕಿಗಳಿಗೆ ಹಂಚುವ ಹೊಸ ಕೈಪಿಡಿಯ ಕರಡು ಸಿದ್ಧವಾಗಿತ್ತು. ಅದರ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ: 'ಬಿಸಿಲಿಗೆ ಮಾಸದ ಜೇನುಬಣ್ಣ. ಎರಡು ವರ್ಷ ಪರೀಕ್ಷಿಸಿ ದೃಢಪಡಿಸಲಾಗಿದೆ.' ಅದರ ಕೆಳಗೆ ಅವಳ ನಿಜವಾದ ಹೆಸರು, ಡಿಗ್ರಿಯ ಸಮೇತ. ಬದುಕಿನಲ್ಲಿ ಮೊದಲ ಸಲ ಅವಳ ಹೆಸರು ಅಚ್ಚಾಗುವುದಿತ್ತು, ಅದೂ ಒಂದು ಸುಳ್ಳಿನ ಅಡಿಯಲ್ಲಿ.

ಕಡೆಗೆ ಒಂದು ರಾಜಿಯಾಯಿತು. ಹೊಸ ಗ್ರಂಥಾಲಯದ ಹೊರಗೋಡೆಗೆ ಹಲಗೆ ಆರಿಸಲು ಆರ್ಕಿಟೆಕ್ಟ್ ಮೇಡಂ ಸೋಮವಾರ ಹನ್ನೊಂದಕ್ಕೆ ಬರುವವರಿದ್ದರು. ಅವತ್ತು ಯಜಮಾನರೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಹತ್ತುವುದು, ಎಲ್ಲರ ಕಣ್ಣಿಗೆ ಏನು ಕಾಣುತ್ತದೋ ಅದೇ ಕೈಪಿಡಿಯಲ್ಲಿ ಅಚ್ಚಾಗುವುದು. ತೇವಮ್ಮ ಸಂತೋಷದಿಂದ ಒಪ್ಪಿದ್ದಳು. ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾಲ್ಕು ದಿನ ರಜೆ ಹಾಕಿ ಹೋಗುವಾಗ, "ಮಾವ, ಸೋಮವಾರ ನನ್ನ ಹಲಗೆ ನೋಡೋಕೆ ದೊಡ್ಡವರು ಬರ್ತಾರೆ" ಎಂದು ಹೆಮ್ಮೆಯಿಂದ ಹೇಳಿಯೂ ಹೋಗಿದ್ದಳು.

ಆ ಹೆಮ್ಮೆಯೇ ಈಗ ಕುತ್ತಿಗೆಗೆ ಬಂದಿತ್ತು.

ಬಡಗಿ ಶೆಡ್ಡಿನಲ್ಲಿ ಮಾವ ಟೀ ಕುಡಿಯುತ್ತಾ ಕೂತಿದ್ದ. ತಲೆಯ ಮೇಲೆ ಎಂದಿನ ಬಟ್ಟೆಯ ಟೋಪಿ. ಹಿಂದಿನ ಗೋಡೆಯ ತುಂಬ ಮೊಳೆಗಳು. ಪ್ರತಿ ಮೊಳೆಗೂ ಮರ ಹೆರೆಯುವ ಹತ್ತರಿ ಹೊಡೆದಾಗ ಬರುವ ಸುರುಳಿ ಒಂದೊಂದು. ಯಾವುದೇ ಮರಕ್ಕೆ ಹತ್ತರಿ ಹಾಕಿದರೂ ಮೊದಲ ಸುರುಳಿಯನ್ನು ಮಾವ ಎಸೆಯುತ್ತಿರಲಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಬರೆದು ಎತ್ತಿಡುತ್ತಿದ್ದ. "ಮರ ತನ್ನ ಕಥೆಯೆಲ್ಲ ಮೊದಲ ಸುರುಳೀಲಿ ಹೇಳ್ಬಿಡುತ್ತೆ, ಆಮೇಲಿಂದು ಬರೀ ಮರ" ಎಂದು ಅವನ ವಾದ. ತೇವಮ್ಮ ಓದಿ ಪಾಸಾದ ಮೇಜಿನ ಸುರುಳಿಯೂ ಮೇಲಿನ ಸಾಲಿನಲ್ಲಿ ಧೂಳು ಹಿಡಿದು ನೇತಾಡುತ್ತಿತ್ತು.

"ಮಾವ, ತಾರಸಿ ಮೇಲೆ ಯಾರು ಹತ್ತಿದ್ರು?"

ಮಾವನ ಮುಖ ಅರಳಿತು. "ನೋಡಿದ್ಯಾ? ಹೇಗಿದೆ? ನೀನೇ ಬಂದು ನೋಡಿ ಬಾಯಿ ಬಿಡ್ಬೇಕು ಅಂತ ಯಾರಿಗೂ ಹೇಳಿಲ್ಲ."

"ಬಾಯಿ ಬಿಟ್ಟಿದ್ದೀನಿ ಮಾವ. ಇನ್ನೂ ಮುಚ್ಚಿಲ್ಲ."

"ಶನಿವಾರ ಹತ್ತಿ ನೋಡ್ದೆ ಪುಟ್ಟಿ. ಅಯ್ಯಯ್ಯೋ, ಏನು ಗತಿ ಅದು! ಮಸಣದಿಂದ ಎದ್ದು ಬಂದ ಹಾಗಿತ್ತು. ದೊಡ್ಡವರು ಬಂದು ನೋಡಿ, ಬಡಗಿಯ ಅಕ್ಕನ ಮಗಳು ಮರಾನ ಹೀಗಾ ಇಟ್ಕೊಳ್ಳೋದು ಅಂದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಲಿ? ಎರಡು ದಿನ, ಒಬ್ಬನೇ. ಇಪ್ಪತ್ನಾಲ್ಕೂ ಕೆಳಗಿಳಿಸಿ, ಹೆರೆದು, ಮತ್ತೆ ಹತ್ತಿಸಿದೀನಿ. ಸೊಂಟ ಇನ್ನೂ ನನ್ನ ಮಾತು ಕೇಳ್ತಿಲ್ಲ."

"ಮಾವ," ತೇವಮ್ಮ ಸ್ಟೂಲೆಳೆದು ಕೂತಳು, "ಆ ಬೂದೀನೇ ನನ್ನ ಎರಡು ವರ್ಷದ ಕೆಲಸ."

"ಬೂದಿ ಹೇಗೆ ಕೆಲಸ ಆಗುತ್ತೆ?"

"ಕಾಯಿಲೆಯವರ ಮುಖಕ್ಕೆ ಪೌಡರ್ ಬಳಿದು, ತಲೆ ಬಾಚಿ, ಡಾಕ್ಟರ ಮುಂದೆ ಕೂರಿಸಿದ್ರೆ ಡಾಕ್ಟರು ಏನು ನೋಡ್ಬೇಕು? ಬಿಸಿಲಿಗೆ ಹಲಗೆ ಏನಾಗುತ್ತೆ ಅಂತ ತೋರಿಸೋಕೆ ಅದನ್ನ ಅಲ್ಲಿಟ್ಟಿದ್ದು. ಅದು ಕೆಡ್ಲಿ ಅಂತಾನೇ ಇಟ್ಟಿದ್ದು."

ಮಾವ ಟೀ ಲೋಟವನ್ನು ಕೆಳಗಿಟ್ಟ. ಮರ ಕೆಡಲೆಂದೇ ಬಿಡುವವರೂ ಇರುತ್ತಾರೆ ಎಂಬುದು ನಲವತ್ತು ವರ್ಷದ ಕಸುಬಿನಲ್ಲಿ ಅವನಿಗೆ ಹೊಳೆದಿರಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡ. ಟೋಪಿಯ ಕೆಳಗಿದ್ದ ಕೂದಲು ಕಪ್ಪು, ಹೊರಗಿದ್ದದ್ದು ಬಿಳಿ. ಯಾರೋ ಗೆರೆ ಎಳೆದು ಬಣ್ಣ ಹಚ್ಚಿದ ಹಾಗಿತ್ತು.

"ಹಾಗಾದ್ರೆ ಏಣಿ ಬುಡದಲ್ಲಿರೋ ಬೋರ್ಡು...?"

"ಅದನ್ನ ಈಗ ಓದಿದ್ರಾ?"

ಯಜಮಾನರೇ ಬರೆಸಿ ಹಾಕಿದ ಬೋರ್ಡು ಅದು. 'ಪರೀಕ್ಷೆಯ ಹಲಗೆ ಮುಟ್ಟಿದವರಿಗೆ ಈ ಕಾರ್ಖಾನೆಯಲ್ಲಿ ಜಾಗವಿಲ್ಲ.'

"ಅದು ಬೇರೆಯವರಿಗೆ ಅನ್ಕೊಂಡೆ," ಅಂದ ಮಾವ ಸಣ್ಣ ದನಿಯಲ್ಲಿ. "ನಾನು ಮುಟ್ಟಿದ್ರೆ ಮರಕ್ಕೆ ಒಳ್ಳೇದೇ ಆಗೋದು, ಅಲ್ವಾ?"

ತೇವಮ್ಮನಿಗೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ನಿಂತಿತು. ಮೇಲಿನ ಸಾಲಿನ ಸುರುಳಿ ಕಣ್ಣಿಗೆ ಬಿದ್ದಿತ್ತು. ಮೇಜಿನ ಒಂದು ಕಾಲು ಗಿಡ್ಡ ಎಂದು ಅವಳು ಅತ್ತಾಗ, ಮಾವ ಪರೀಕ್ಷೆಯ ಹಿಂದಿನ ದಿನವೇ ಬಂದು ಸರಿಮಾಡಿ ಹೋಗಿದ್ದ. ಕಾಲು ಗಿಡ್ಡವಿರಲಿಲ್ಲ, ನೆಲ ಓರೆ ಇತ್ತು. ಅದನ್ನು ಅವಳಿಗೆ ಹೇಳದೆ ಕಾಲನ್ನೇ ನೆಲಕ್ಕೆ ಹೊಂದಿಸಿದ್ದ.

"ನಾನೇ ಹೋಗಿ ಯಜಮಾನ್ರಿಗೆ ಹೇಳ್ತೀನಿ" ಎಂದು ಮಾವ ಎದ್ದ.

"ಸುಮ್ನೆ ಕೂತ್ಕೊಳ್ಳಿ. ನಾನು ಯೋಚ್ನೆ ಮಾಡ್ತೀನಿ."

ಯೋಚನೆ ಮಾಡಲು ಪುರುಸೊತ್ತು ಸಿಗಲಿಲ್ಲ. ಮೇಲಿನಿಂದ ದನಿ ಕೇಳಿತು. "ತೇವಮ್ಮಾ! ಏ ತೇವಮ್ಮಾ! ಬಾರಮ್ಮ ಇಲ್ಲಿ!" ಯಜಮಾನರು ಮುಂಚೆಯೇ ಬಂದು ಏಣಿ ಹತ್ತಿಬಿಟ್ಟಿದ್ದರು. ದನಿಯಲ್ಲಿ ಮಂಡಿನೋವಿನ ಲವಲೇಶವೂ ಇರಲಿಲ್ಲ.

ಅವಳು ಹತ್ತಿ ಹೋಗುವಷ್ಟರಲ್ಲಿ ಯಜಮಾನರು ಕಂದು ಹಲಗೆಗಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು, ಮೊಮ್ಮಗನ ಮಾರ್ಕ್ಸ್ ಕಾರ್ಡ್ ನೋಡುವ ತಾತನ ಹಾಗೆ.

"ಎರಡು ವರ್ಷ! ಒಂದು ಸುಕ್ಕಿದೆಯಾ ನೋಡು! ಇದನ್ನ ಬೂದಿ ಅಂತ ಹೇಳ್ತಿದ್ಯಲ್ಲ, ಕಣ್ಣಿನ ಆಪರೇಷನ್ ನಿಮ್ಮಮ್ಮಂಗಾ ನಿಂಗಾ?"

"ಯಜಮಾನ್ರೇ, ಒಂದು ವಿಷ್ಯ..."

"ಏನೂ ಬೇಡ. ಕಣ್ಣಿಗೆ ಕಂಡಿದ್ದು ಅಚ್ಚಾಗೋದು. ಮಾತು ಅಂದ್ರೆ ಮಾತು."

ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಮೇಡಂ ಅರ್ಧ ಗಂಟೆ ಮೊದಲೇ ಬಂದಿದ್ದರು. ಎರಡೆರಡು ಮೆಟ್ಟಿಲು ದಾಟಿ ಹತ್ತಿ, ಚೀಲ ಕೆಳಗಿಟ್ಟು, ನಮಸ್ಕಾರ ಎಂದಷ್ಟೇ ಹೇಳಿ ನೇರ ಹಲಗೆಗಳ ಹತ್ತಿರ ಹೋದರು. ಮಾತಿಗಿಂತ ಕೈಗೆ ಹೆಚ್ಚು ಕೆಲಸ ಕೊಡುವ ಹೆಂಗಸು. ಮೊದಲು ಬಲಗಡೆಯ ಸಾಲನ್ನು ಸವರಿದರು, ಆಮೇಲೆ ಎಡಗಡೆಯದನ್ನು. ಮತ್ತೆ ಬಲಗಡೆಗೆ ಬಂದರು. ಯಜಮಾನರು ಹಿಂದೆಯೇ ನಡೆಯುತ್ತಾ ಜೇನುಬಣ್ಣದ ಗುಣಗಾನ ಮಾಡುತ್ತಿದ್ದರು.

"ಇವು ಕಾಯಿಸದೆ ಇರೋವಾ?" ಮೇಡಂ ಎಡಗಡೆ ತೋರಿಸಿ ಕೇಳಿದರು.

"ಹೌದು ಮೇಡಂ, ಬರೀ ಹಸಿ ಪೈನು. ಹೋಲಿಸಿ ನೋಡೋಕೆ ಇಟ್ಟಿದ್ದು."

"ಇವೂ ಎರಡು ವರ್ಷ ಬಿಸಿಲಲ್ಲೇ ಇದ್ವಾ?"

"ಎರಡೂ ಸಾಲು ಒಂದೇ ದಿನ ಇಟ್ಟಿದ್ದು. ಒಂದು ಗಂಟೆ ಹೆಚ್ಚುಕಮ್ಮಿ ಇಲ್ಲ."

"ಇವೂ ಹೊಸದರ ಹಾಗೇ ಇದಾವಲ್ಲ! ಹಾಗಾದ್ರೆ ನಾನು ಕಾಯಿಸಿದ್ದನ್ನ ಯಾಕೆ ತಗೋಬೇಕು?"

ಬಲಗಡೆಯ ಸಂಭ್ರಮದಲ್ಲಿ ಯಜಮಾನರು ಎಡಗಡೆ ಕತ್ತು ತಿರುಗಿಸಿಯೇ ಇರಲಿಲ್ಲ. ಈಗ ತಿರುಗಿಸಿದರು. ಆಮೇಲೆ ತೇವಮ್ಮನ ಕಡೆ ನೋಡಿದರು. "ಹೇಳಮ್ಮಾ. ನೀನು ತಾನೇ ಓದಿರೋದು."

ಹೇಳಲು ದಾರಿಗಳಿದ್ದವು. ಈ ವರ್ಷ ಬಿಸಿಲು ಕಡಿಮೆ ಎನ್ನಬಹುದಿತ್ತು. ಇದು ವಿಶೇಷ ಜಾತಿಯ ಪೈನ್ ಎನ್ನಬಹುದಿತ್ತು. ಮಾವನ ಜಾಗ ಉಳಿಯುತ್ತಿತ್ತು, ಯಜಮಾನರ ಮುಖ ಉಳಿಯುತ್ತಿತ್ತು. ಮೂರು ವರ್ಷದಲ್ಲಿ ಗ್ರಂಥಾಲಯದ ಗೋಡೆ ಬೂದುಬಣ್ಣಕ್ಕೆ ತಿರುಗುತ್ತಿತ್ತು, ಅವಳ ಹೆಸರು ಕೈಪಿಡಿಯಲ್ಲಿ ಕಂದಾಗಿಯೇ ಇರುತ್ತಿತ್ತು. ತೇವಮ್ಮ ತೇವಮಾಪಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಮೇಡಂ, ನೀವು ನೋಡ್ತಿರೋದು ಎರಡು ವರ್ಷದ ಮುಖ ಅಲ್ಲ. ನಿನ್ನೆಯದು. ಶುಕ್ರವಾರದ ತನಕ ಎರಡು ಸಾಲೂ ಬೂದಿಯಾಗಿದ್ವು. ನಾನು ಇಲ್ಲದಾಗ ಹತ್ತರಿ ಹೊಡೆದಿದ್ದಾರೆ. ಅಂಕಿ ನನ್ನ ಪುಸ್ತಕದಲ್ಲಿದೆ, ಕಣ್ಣಿಗೆ ತೋರಿಸೋಕೆ ಮಾತ್ರ ನನ್ನ ಹತ್ರ ಏನೂ ಉಳಿದಿಲ್ಲ."

"ಹತ್ತರಿ ಹೊಡೆದೋರು ಯಾರು?" ಯಜಮಾನರ ದನಿ ತಗ್ಗಿತು. ತಗ್ಗಿದ ದನಿ ಕೂಗಾಟಕ್ಕಿಂತ ಕೆಟ್ಟದ್ದು ಎಂದು ಕಾರ್ಖಾನೆಗೆಲ್ಲ ಗೊತ್ತು.

"ಜವಾಬ್ದಾರಿ ನಂದು, ಯಜಮಾನ್ರೇ."

"ಜವಾಬ್ದಾರಿ ಕೇಳ್ಲಿಲ್ಲ. ಕೈ ಯಾರದು ಅಂತ ಕೇಳ್ದೆ."

"ಈ ಕೈ" ಎಂದಿತು ಏಣಿಯ ಕಡೆಯಿಂದ ಒಂದು ದನಿ. ಮೊದಲು ಬಟ್ಟೆಯ ಟೋಪಿ ಕಂಡಿತು, ಆಮೇಲೆ ಮಾವ, ಆಮೇಲೆ ಅವನ ಕಂಕುಳಲ್ಲಿ ಹಳೆಯ ಷೂ ಡಬ್ಬಿ. ಅವರಿಬ್ಬರನ್ನೂ ದಾಟಿ ಬಂದು ಡಬ್ಬಿಯನ್ನು ತೇವಮ್ಮನ ಕೈಗಿಟ್ಟ. "ಬೂದಿ ಬೇಕು ಅಂದ್ಯಲ್ಲ ಪುಟ್ಟಿ. ತಂದಿದ್ದೀನಿ."

ಡಬ್ಬಿಯೊಳಗೆ ಹನ್ನೆರಡು ಸುರುಳಿ, ಹನ್ನೆರಡು ಬೆಂಕಿಪೊಟ್ಟಣ. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಹಲಗೆಯ ನಂಬರು. ಅದು ಅವಳೇ ಹಲಗೆಯ ಬೆನ್ನಿಗೆ ಬರೆದಿದ್ದ ನಂಬರು.

ಮೊದಲ ಸುರುಳಿಗಳು! ಬೆಳಿಗ್ಗೆ ಆ ಗೋಡೆಯ ಮುಂದೆಯೇ ಕೂತಿದ್ದವಳಿಗೆ ಇದು ಹೊಳೆದಿರಲಿಲ್ಲ. ಮಾವ ಹೆರೆದು ತೆಗೆದ ಎರಡು ವರ್ಷ ಎಲ್ಲೂ ಹೋಗಿರಲಿಲ್ಲ. ಕಾಗದದಷ್ಟು ತೆಳ್ಳಗಾಗಿ ಡಬ್ಬಿಯಲ್ಲಿ ಮಲಗಿತ್ತು.

ಮೇಡಂ ಆಗಲೇ ಒಂದು ಸುರುಳಿ ಬಿಚ್ಚಿ ಬಿಸಿಲಿಗೆ ಹಿಡಿದಿದ್ದರು. ಒಂದು ಮೈ ಬೂದು, ಉಣ್ಣೆಯಂತೆ ಜುಂಗು ಎದ್ದದ್ದು; ಇನ್ನೊಂದು ಮೈ ತಾಜಾ ಹಳದಿ. ನಡುನಡುವೆ ಬಿರುಕುಗಳಿಂದ ಬೆಳಕು ತೂರಿ ಬರುತ್ತಿತ್ತು. "ಇದು ಯಾಕೆ ಬೆರಳಗಲ ಮಾತ್ರ ಇದೆ? ಹಲಗೆ ಗೇಣಗಲ ಇದೆಯಲ್ಲ?"

"ಹಸಿ ಹಲಗೆ ಅಲ್ವೇನಮ್ಮಾ, ಬಾಗಿ ದೋಣಿ ಆಗಿತ್ತು." ಮರದ ಮಾತು ಬಂದ ಕೂಡಲೇ ಮಾವ ತಾನು ಅಪರಾಧಿ ಎಂಬುದನ್ನು ಮರೆತ. "ಹತ್ತರಿ ಎರಡು ಅಂಚಿಗೆ ತಾಗ್ತು, ನಡುವೆ ಬರೀ ಗಾಳಿ. ಒಂದೊಂದಕ್ಕೆ ಎಂಟು ಸಲ, ಹತ್ತು ಸಲ ಹೊಡೆದ ಮೇಲೆ ಮಟ್ಟ ಬಂದಿದ್ದು. ನನ್ನ ಸೊಂಟ ಹೋಗಿದ್ದೇ ಆ ಹನ್ನೆರಡರಲ್ಲಿ."

"ಕಾಯಿಸಿದ್ದು?"

ಮಾವ ಬೆಂಕಿಪೊಟ್ಟಣ ತೆರೆದ. "ಇದು ಸುರುಳಿ ಆಗೋ ಜಾತಿ ಅಲ್ಲ. ಪೆಡಸು, ಒಣ ಎಲೆ ಥರ ಮುರ್ಕೊಂಡು ಬರುತ್ತೆ. ಅದಕ್ಕೇ ಪೊಟ್ಟಣಕ್ಕೆ ಹಾಕ್ದೆ. ಆದ್ರೆ ನೋಡಿ, ಮೊದಲ ಹೊಡೆತಕ್ಕೇ ಆ ಅಂಚಿಂದ ಈ ಅಂಚಿಗೆ ಪೂರ್ತಿ ಬಂತು. ಎರಡನೇದಕ್ಕೆ ಕಂದು. ಹಲಗೆ ಅಲ್ಲಾಡೇ ಇಲ್ಲ!" ಕೊಂಚ ತಡೆದು, ಮನಸ್ಸಿಲ್ಲದ ಮನಸ್ಸಿನಿಂದ ಸೇರಿಸಿದ: "ಮರಾನ ಬೇಯಿಸೋದು ಅಂದ್ರೆ ಸತ್ತವರನ್ನ ಇನ್ನೊಂದ್ಸಲ ಸಾಯಿಸೋದು ಅಂತಿದ್ದೆ. ಆ ಮಾತು ವಾಪಸ್ ತಗೊಂಡೆ ಅನ್ಕೊಳ್ಳಿ."

ತೇವಮ್ಮ ಚೂರುಗಳನ್ನು ಅಂಗೈಯಲ್ಲಿ ಹರವಿದಳು. ಮೇಲ್ಮೈ ಬೂದು. ಅದರಲ್ಲಿ ಸಂದೇಹವೇ ಇಲ್ಲ. ಕೂದಲೆಳೆಯಂಥ ಸಣ್ಣ ಬಿರುಕುಗಳೂ ಇದ್ದವು. ಆದರೆ ಬೂದಿಯ ಕೆಳಗೆ, ಉಗುರಿನಷ್ಟೂ ಇಲ್ಲದ ಆಳದಲ್ಲಿ, ಅದೇ ಕಂದು.

"ನರೆಯುತ್ತೆ ಮೇಡಂ," ಅಂದಳು. "ಕಾಯಿಸಿದ್ರೂ ನರೆಯುತ್ತೆ, ಸ್ವಲ್ಪ ನಿಧಾನ ಅಷ್ಟೇ. ಬಣ್ಣ ಉಳೀಬೇಕು ಅಂದ್ರೆ ಬಿಸಿಲು ತಡೆಯೋ ಎಣ್ಣೆ ಆಗಾಗ ಹಚ್ತಾ ಇರ್ಬೇಕು. ಉಳಿಯೋದು ಹಲಗೆಯ ಮಟ್ಟ. ಬಾಗಲ್ಲ, ತಿರುಚಲ್ಲ. ಇನ್ನೊಂದು ಮಾತು, ಸೂರಿನ ಕೆಳಗೆ ಬಿಸಿಲು ಬೀಳದ ಕಡೆ ಕಂದಾಗೇ ಇರುತ್ತೆ. ಗೋಡೆ ಎರಡು ಬಣ್ಣ ಆಗುತ್ತೆ."

"ಹೇಗೆ ಕಾಣುತ್ತೆ ಅದು?"

ತೇವಮ್ಮ ಮಾವನ ಕಡೆ ತಿರುಗಿದಳು. "ಮಾವ, ಒಂದು ನಿಮಿಷ ಟೋಪಿ ತೆಗೀರಿ."

ಮಾವ ತೆಗೆದ. ಮೇಡಂ ಆ ಕಪ್ಪು ಬಿಳುಪಿನ ಗೆರೆಯನ್ನು ಗಂಭೀರವಾಗಿ, ಕಟ್ಟಡ ನೋಡುವಂತೆ, ಎರಡು ಬದಿಯಿಂದಲೂ ನೋಡಿದರು. ಆಮೇಲೆ ತಡೆಯಲಾರದೆ ನಕ್ಕರು. "ಸೂರು ಗಿಡ್ಡ ಮಾಡ್ತೀನಿ. ಪೂರ್ತಿ ನರೆಯಲಿ ಬಿಡಿ, ಗ್ರಂಥಾಲಯಕ್ಕೆ ಅದೂ ಒಂದು ಗತ್ತು. ಐದು ವರ್ಷಕ್ಕೆ ಹಲಗೆ ಎದ್ದು ಮೊಳೆ ಕಿತ್ಕೊಂಡು ಬರೋ ಗೋಡೆ ಮಾತ್ರ ನಂಗೆ ಬೇಡ. ಕಾಯಿಸಿದ್ದೇ ಕೊಡಿ." ಚೀಲ ಎತ್ತಿಕೊಳ್ಳುತ್ತಾ ತೇವಮ್ಮನಿಗೆ, "ಗೋಡೆಗೆ ಹಾಕೋ ಮುಂಚೆ ನೀವು ಬಂದು ಒಂದೊಂದಕ್ಕೂ ಆ ಮುಳ್ಳು ಚುಚ್ಚಿ ನೋಡ್ಬೇಕು" ಅಂದರು.

ಕಾರು ಹೊರಟ ಮೇಲೆ ಯಜಮಾನರು ಕೆಳಗಿಳಿಯಲು ಹೊರಟರು. ಮಂಡಿನೋವು ಮರಳಿ ಬಂದಿತ್ತು. ಏಣಿಯನ್ನು ಒಂದೊಂದೇ ಮೆಟ್ಟಿಲು ಇಳಿದು, ಬುಡದಲ್ಲಿದ್ದ ಬೋರ್ಡಿನ ಮುಂದೆ ನಿಂತರು. ಮಾವನೂ ಬಂದು ಪಕ್ಕದಲ್ಲಿ ನಿಂತ, ಟೋಪಿ ಕೈಯಲ್ಲಿ ಹಿಡಿದು.

"ಓದೋಕೆ ಬರುತ್ತೇನ್ರೀ?"

"ಬರುತ್ತೆ ಯಜಮಾನ್ರೇ."

"ಇದರಲ್ಲಿ ಏನು ಬರೆದಿದೆ?"

ಮಾವ ಓದಿದ. ಒಂದಕ್ಷರ ಬಿಡದೆ ಓದಿದ. ತೇವಮ್ಮ ಏಣಿಯ ನಡುವಿನಲ್ಲೇ ನಿಂತಳು.

ಯಜಮಾನರು ನಿಟ್ಟುಸಿರು ಬಿಟ್ಟರು. "ಕೈಪಿಡೀಲಿ ಸುಳ್ಳು ಬರೆಯೋಕೆ ಹೊರಟಿದ್ದವನು ನಾನು. ಬೋರ್ಡಲ್ಲಿ ಬರೆದಿದ್ದನ್ನ ಯಾವ ಬಾಯಲ್ಲಿ ಜಾರಿ ಮಾಡ್ಲಿ? ಈ ಬೋರ್ಡಿನ ಬಣ್ಣಾನೂ ಮಾಸಿದೆ. ಇದನ್ನ ಕಿತ್ತು, ಹತ್ತರಿ ಹೊಡೆದು, ಹೊಸದಾಗಿ ಬರೆಸ್ರಿ. 'ಮುಟ್ಟಿದವರಿಗೆ' ಅನ್ನೋದಾದ ಮೇಲೆ 'ಬಡಗಿಗೂ' ಅಂತ ಸೇರಿಸಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ತೇವಮ್ಮಾ, ಆ ಮೊದಲ ಪುಟ ನೀನೇ ಬರ್ಕೊಡು. ಆದಷ್ಟು ಮುದ್ದಾಗಿ ಬರಿಯಮ್ಮಾ, ನರೆ ಗಿರೆ ಅಂತ ದಪ್ಪಕ್ಷರದಲ್ಲಿ ಹಾಕ್ಬೇಡ."

ಅವಳು ದಪ್ಪಕ್ಷರದಲ್ಲೇ ಹಾಕಿದಳು. 'ಬಣ್ಣ ನರೆಯುತ್ತದೆ. ಹಲಗೆ ಬಾಗುವುದಿಲ್ಲ.' ಕೆಳಗೆ ತನ್ನ ಹೆಸರು ಬರೆದು, ಯಜಮಾನರು ಮನಸ್ಸು ಬದಲಿಸುವ ಮುಂಚೆ ಅಚ್ಚಿಗೆ ಕಳಿಸಿದಳು.

ಹಲಗೆಗಳು ತಾರಸಿಯ ಮೇಲೆಯೇ ಉಳಿದವು. ಹೆರೆದಾಗಿತ್ತು, ಸರಿ, ಹೊಸ ಮೈಯಿಂದ ಹೊಸ ಲೆಕ್ಕ. ಪುಸ್ತಕದ ಹೊಸ ಪುಟದಲ್ಲಿ ಅವಳು 'ಒಂದನೆಯ ದಿನ' ಎಂದು ಬರೆಯುತ್ತಿದ್ದಾಗ ಮಾವ ಪಕ್ಕದಲ್ಲೇ ನಿಂತು ಜೇನುಬಣ್ಣವನ್ನು ಕಣ್ತುಂಬ ನೋಡುತ್ತಿದ್ದ.

"ಇದು ಪೂರ್ತಿ ಬೂದಿ ಆಗೋಕೆ ಎಷ್ಟು ದಿನ ಅಂದೆ?"

"ಎರಡು ವರ್ಷ ಇಟ್ಕೊಳ್ಳಿ."

"ಎರಡು ವರ್ಷ ನಾನಿದನ್ನ ನೋಡ್ಕೊಂಡು ಸುಮ್ನೆ ಇರ್ಬೇಕಾ?"

"ಇರ್ಬೇಕು."

ಮಾವ ತನ್ನ ಎರಡು ಕೈಗಳನ್ನೂ ನೋಡಿಕೊಂಡ, ನಂಬಿಕೆಯಿಲ್ಲದ ಇಬ್ಬರು ಕೆಲಸದವರನ್ನು ನೋಡುವ ಹಾಗೆ. ಆಮೇಲೆ ಶೆಡ್ಡಿಗೆ ಇಳಿದು ಹೋಗಿ, ತಿರುಗಿ ಬಂದು, ಅವಳ ಪುಸ್ತಕದ ಮೇಲೆ ಒಂದು ಸಣ್ಣ ಬೀಗದ ಕೈ ಇಟ್ಟ.

"ಏನಿದು?"

"ಹತ್ತರಿ ಪೆಟ್ಟಿಗೇದು. ಇನ್ಮೇಲೆ ಊರಿಗೆ ಹೋಗೋವಾಗೆಲ್ಲ ತಗೊಂಡು ಹೋಗ್ಬಿಡು ಪುಟ್ಟಿ."